ಬಾವುಟದ ಕೆಳಗಿನ ಬೆಟ್ಟ

ಬಂಧನಗೃಹ, ಕೋಣೆ 307
6 ಅಕ್ಟೋಬರ್ 2012

ಯಾಚಿನ್ ಅಕ್ಕನಿಗೆ,

ಕ್ಷೇಮವೇ ಎಂದು ಶುರು ಮಾಡಿದರೆ ಈ ಕಾಗದ ನೇರ ಒಲೆಗೆ ಹೋಗುತ್ತದೆ. ಆದ್ದರಿಂದ ಆ ಮಾತು ಬೇಡ. ನಾನು ಬದುಕಿದ್ದೇನೆ. ಇಲ್ಲಿ ಇಪ್ಪತ್ತಾರು ಜನಕ್ಕೆ ಮಲಗಲು ಒಂದೇ ಹಲಗೆ, ಒಂದೇ ನಲ್ಲಿ. ಬೆಳಿಗ್ಗೆ ಆವಿಯಲ್ಲಿ ಬೇಯಿಸಿದ ಬನ್ನು, ಸಂಜೆ ಎಲೆಕೋಸಿನ ನೀರು. ನಡುವೆ ಕಾಲು ಮಡಚಿ ಕೂತು ನಿಯಮಗಳನ್ನು ಬಾಯಿಪಾಠ ಮಾಡುವುದು.

ಭಾವನಿಗೆ ಪ್ರಜ್ಞೆ ಬಂತೇ? ಬಂದಿದೆ ಎನ್ನುತ್ತಾರೆ ವಕೀಲರು, ಬಂದಿಲ್ಲ ಎನ್ನುತ್ತಾನೆ ಪೇದೆ. ಯಾರನ್ನು ನಂಬಲಿ? ಭಾವನ ತಲೆಗೆ ಸೈಕಲ್ ಬೀಗದಿಂದ ಹೊಡೆದವನು ನಾನೇ, ಇಲ್ಲ ಎನ್ನುವುದಿಲ್ಲ. ಇಲ್ಲ ಎಂದರೂ ನಡೆಯುವುದಿಲ್ಲ. ಯಾರದ್ದೋ ಮೊಬೈಲಿನ ವಿಡಿಯೋದಲ್ಲಿ ನಾನು ಬೀಗ ಎತ್ತುವುದು ಕಾಣುತ್ತದೆ. ಆಮೇಲೆ ಕಾಣುವುದು ಬರೀ ಜನರ ಬೆನ್ನು.

ಸರಕಾರ ಕೊಟ್ಟ ವಕೀಲರ ಹೆಸರು ಶಿಯಾವೊ. ವಯಸ್ಸಾದವರು, ಮಾತಾಡುವಾಗ ನನ್ನ ಮುಖ ನೋಡುವುದಿಲ್ಲ. ಅವರು ಹೇಳಿದ್ದು ಇಷ್ಟು: ಹೀಗೇ ಬಿಟ್ಟರೆ ಹತ್ತು ವರ್ಷ. ಏಟು ತಿಂದವರು 'ಇವನನ್ನು ಕ್ಷಮಿಸಿದ್ದೇವೆ' ಎಂದು ಬರೆದು ಹೆಬ್ಬೆಟ್ಟು ಒತ್ತಿ ಕೊಟ್ಟರೆ ಮೂರು ಅಥವಾ ನಾಲ್ಕು. ಆ ಒಂದು ಕಾಗದಕ್ಕೆ ನ್ಯಾಯಾಧೀಶರು ಬೆಲೆ ಕೊಡುತ್ತಾರಂತೆ. ವಿಚಾರಣೆಗೆ ಮುಂಚೆ ಅದು ಅವರ ಕೈಗೆ ಸೇರಬೇಕು.

ನನಗೀಗ ಇಪ್ಪತ್ತೊಂಬತ್ತು. ಹತ್ತು ವರ್ಷ ಕಳೆದು ಹೊರಗೆ ಬಂದರೆ ಅಮ್ಮ ಇರುತ್ತಾಳೋ ಇಲ್ಲವೋ. ಬೇರೆ ಏನೂ ಕೇಳುವುದಿಲ್ಲ ಅಕ್ಕಾ, ಅದೊಂದು ಕಾಗದ ಕೊಡಿಸು.

ನಿನ್ನ ತಮ್ಮ
ಲಾಯ್‌ಗೆನ್


ಚಿತ್ರದ ಹಳ್ಳಿ, ಮೂರನೇ ಓಣಿ
19 ಅಕ್ಟೋಬರ್ 2012

ಲೋ ಲಾಯ್‌ಗೆನ್,

ನಿನ್ನ ಕಾಗದವನ್ನು ಒಲೆಗೆ ಹಾಕಲಿಲ್ಲ. ಆಸ್ಪತ್ರೆಗೆ ತೆಗೆದುಕೊಂಡು ಹೋಗಿ ನಿನ್ನ ಭಾವನ ಮಂಚದ ಪಕ್ಕ ನಿಂತು ಓದಿದೆ. ಆ ಹತ್ತು ವರ್ಷ, ಮೂರು ವರ್ಷದ ಲೆಕ್ಕವನ್ನು ಅವರ ಕಿವಿಗೂ ಹಾಕೋಣ ಅಂತ. ಅವರು ಛಾವಣಿ ನೋಡುತ್ತಾ ಮಲಗಿದ್ದರು. ಬಾಯಿಯ ಬಲಮೂಲೆಯಿಂದ ಜೊಲ್ಲು ಇಳಿಯುತ್ತಿತ್ತು, ಒರೆಸಿದೆ.

ಪ್ರಜ್ಞೆ ಬಂದಿದೆ. ಯಾಕೆ ಬಂತೋ ಅನ್ನಿಸುತ್ತದೆ. ತಲೆಯ ಎಡಗಡೆ ಅಂಗೈ ಅಗಲ ಮೂಳೆ ತೆಗೆದಿದ್ದಾರೆ. ಅಲ್ಲಿ ಚರ್ಮ ಒಳಕ್ಕೆ ಕುಸಿದಿದೆ. ಉಸಿರಾಡಿದಾಗಲೆಲ್ಲ ಅದು ಏರಿಳಿಯುವುದನ್ನು ಕೂತು ನೋಡು, ಆಗ ಗೊತ್ತಾಗುತ್ತದೆ ನಿನಗೆ. ಬಲಗಾಲು ಇಲ್ಲ, ಬಲಗೈ ಇಲ್ಲ. ಇದ್ದೂ ಇಲ್ಲ.

ಯಾವ ಕೈ ಅದು, ನೆನಪಿದೆಯೇನೋ? ಹನ್ನೊಂದು ವರ್ಷ ನಮ್ಮ ಅಂಗಡಿಯಿಂದ ಹೊರಬಿದ್ದ ಒಂದೊಂದು ಜಪಾನೀ ಚಿತ್ರದ ನಕಲಿಗೂ ಆಕಾಶ ಬಿಡಿಸಿದ ಕೈ. ಅಗಲದ ಕುಂಚಕ್ಕೆ ಕಡುನೀಲಿ ತುಂಬಿ, ಕ್ಯಾನ್ವಾಸಿನ ಆ ಅಂಚಿನಿಂದ ಈ ಅಂಚಿಗೆ ಒಂದೇ ಉಸಿರಿಗೆ ಎಳೆದು, ನೀಲಿ ಎಲ್ಲಿ ಮುಗಿಯಿತು ಬಿಳಿ ಎಲ್ಲಿ ಶುರುವಾಯಿತು ಎಂದು ಹುಡುಕಿದರೂ ಸಿಗದ ಹಾಗೆ ಕರಗಿಸುತ್ತಿದ್ದರು. ಮರದ ಅಚ್ಚಿನಲ್ಲಿ ಹಳೆಯ ಕಾಲದವರು ಮಾಡಿದ್ದನ್ನು ಕುಂಚದಲ್ಲಿ ಮಾಡುವವರು ಈ ಓಣಿಯಲ್ಲಿ ಇನ್ನೊಬ್ಬರಿರಲಿಲ್ಲ. ಅವರು ಆಕಾಶ ಮುಗಿಸಿ ಕೊಟ್ಟ ಮೇಲೆ ನಾನು ಅಲೆಗೆ ನೊರೆ ಬರೆಯುತ್ತಿದ್ದೆ. ಕೊನೆಗೆ ನಿನ್ನ ಸರದಿ, ದೋಣಿ ಮತ್ತು ದೋಣಿಯೊಳಗಿನ ಜನ. ಮೂರು ಜನ ಒಂದೇ ಗೋಡೆಯ ಮುಂದೆ ನಿಂತು ಅನ್ನ ದುಡಿದೆವಲ್ಲೋ. ಅದೇ ಗೋಡೆಯ ಆಚೆ ಬದಿಗೆ ಅವರ ತಲೆ ಒಡೆದೆಯಲ್ಲ, ನಿನ್ನ ಕೈ ಸೇದಿಹೋಗ.

ಎರಡು ಏಟು. ಒಂದಲ್ಲ ಕಣೋ, ಎರಡು.

ಮೊನ್ನೆ ಗಂಜಿ ಕುಡಿಸುವಾಗ ಎಡಗೈಯಿಂದ ಬಟ್ಟಲು ಕಿತ್ತು ನನ್ನ ಮುಖಕ್ಕೆ ಬೀಸಿದರು. ಹುಬ್ಬು ಸೀಳಿ ಮೂರು ಹೊಲಿಗೆ ಬಿತ್ತು. ಹನ್ನೊಂದು ವರ್ಷದಲ್ಲಿ ಒಂದು ದಿನ ಕೈ ಎತ್ತಿದ ಮನುಷ್ಯನಲ್ಲ. ತಲೆಗೆ ಪೆಟ್ಟಾದವರು ಹೀಗೆ ಸಿಟ್ಟು ಮಾಡುತ್ತಾರೆ, ಸಹಿಸಿಕೊಳ್ಳಿ ಎಂದರು ಡಾಕ್ಟರು. ಆ ಹೊಲಿಗೆಯೂ ನಿನ್ನ ಹೆಸರಿಗೇ.

ಕ್ಷಮಿಸಿದ ಕಾಗದ ಬೇಕೇ ನಿನಗೆ? ಥೂ! ಹತ್ತು ವರ್ಷ ಸಾಲದು.

ಯಾಚಿನ್


ಬಂಧನಗೃಹ, ಕೋಣೆ 307
11 ನವೆಂಬರ್ 2012

ಅಕ್ಕಾ,

ಬೈದೆ, ಸರಿ. ಈಗ ನನ್ನ ಮಾತನ್ನೂ ಕೇಳು. ಪೊಲೀಸರ ಮುಂದೆ ಹೇಳಿದ್ದನ್ನೇ ನಿನಗೂ ಹೇಳುತ್ತೇನೆ.

ಜಪಾನಿನವರ ಜೊತೆಗಿನ ಆ ದ್ವೀಪಗಳ ಜಗಳದಲ್ಲಿ ಊರೆಲ್ಲ ಕಾದ ಬಾಣಲೆಯಾಗಿತ್ತು, ನಿನಗೂ ಗೊತ್ತು. ಭಾನುವಾರ, ನಿಮ್ಮ ಅಂಗಡಿ ಬಿಟ್ಟು ನಾನು ಸೇರಿದ ಕಾರ್ಖಾನೆಯಲ್ಲಿ, ನಮ್ಮ ಮೇಸ್ತ್ರಿ ಎಲ್ಲರಿಗೂ ಕೆಂಪು ಅಂಗಿ ಹಂಚಿ ಮೆರವಣಿಗೆಗೆ ಕಳಿಸಿದ. ನಾನು ಮಜಾ ನೋಡಲು ಹೋದೆ. ಇಲ್ಲ, ಅದು ಸುಳ್ಳು. ಕೂಗಲು ಹೋದೆ. ಹನ್ನೆರಡು ಗಂಟೆ ಯಂತ್ರದ ಮುಂದೆ ಬಾಯಿ ಮುಚ್ಚಿ ನಿಲ್ಲುವವನಿಗೆ ನಡುಬೀದಿಯಲ್ಲಿ ಗಂಟಲು ಹರಿಯುವ ಹಾಗೆ ಕೂಗು ಅಂದರೆ ಎಷ್ಟು ಹಿತ ಗೊತ್ತೇ? ಜಪಾನೀ ಕಾರೊಂದನ್ನು ಹತ್ತು ಜನ ಸೇರಿ ಮಗುಚಿದೆವು. ಅದಕ್ಕೆ ಬೆಂಕಿ ಬಿದ್ದಾಗ ನಾನೂ ಚಪ್ಪಾಳೆ ತಟ್ಟಿದೆ. ಜಪಾನೀ ತಿಂಡಿಯಂಗಡಿಯೊಂದರ ಗಾಜಿಗೆ ಬೀಗ ಬೀಸಿದೆ. ಅದಕ್ಕೇ ಬೀಗ ಕೈಯಲ್ಲಿದ್ದದ್ದು.

ಆಮೇಲೆ ಧ್ವನಿವರ್ಧಕ ಹಿಡಿದವನು, "ಚಿತ್ರದ ಹಳ್ಳೀಲಿ ಜಪಾನಿ ಬೆಟ್ಟ ಬರ್ದು ಹೊಟ್ಟೆ ಹೊರ್ಕೊಳ್ಳೋರಿದಾರೆ, ನಡೀರಿ ಅಲ್ಲಿಗೆ!" ಎಂದ. ಜನರನ್ನು ದಾಟಿಕೊಂಡು ಮುಂದೆ ಓಡಿ ಬಂದೆ. ದೇವರಾಣೆ, ಅವರನ್ನು ನಿಮ್ಮ ಅಂಗಡಿ ದಾಟಿಸಿಬಿಡಬೇಕು ಎಂದೇ ಬಂದೆ. ನೋಡಿದರೆ ನಿಮ್ಮ ಬಾಗಿಲ ಮುಂದೆ ಸಾಲಾಗಿ ಆರು ಬಾವುಟ! ಕ್ಯಾನ್ವಾಸಿನ ಮೇಲೆ ಬರೆದವು, ನಮ್ಮ ದೇಶದ್ದೇ, ಕೆಂಪಗೆ, ಐದೈದು ಹಳದಿ ನಕ್ಷತ್ರದವು. ನನ್ನ ಭಾವ ಎಷ್ಟು ಜಾಣ ಎಂದು ಹೆಮ್ಮೆಯಾಯಿತು.

"ಇದು ನಮ್ ಭಾವನ ಅಂಗಡಿ ಕಣ್ರೋ! ನೋಡಿ, ನಿಮ್ಮನೇಲಿ ಒಂದಿದ್ರೆ ಇವ್ರ ಮನೇಲಿ ಆರಿವೆ" ಎಂದು ಕೂಗಿ ಒಂದು ಬಾವುಟದ ಮೇಲೆ ಅಂಗೈ ತಟ್ಟಿದೆ.

ಕೈ ಜಾರಿತು. ಎತ್ತಿ ನೋಡಿದರೆ ಕೆಂಪು. ಪಕ್ಕದ ಹುಡುಗಿ ರಕ್ತ ರಕ್ತ ಎಂದು ಚೀರಿದಳು. ಎಲ್ಲರೂ ನನ್ನ ಕೈಯನ್ನು ನೋಡಿದರು, ಆಮೇಲೆ ಬಾವುಟವನ್ನು ನೋಡಿದರು. ನನ್ನ ಅಂಗೈ ಒರೆಸಿದ ಜಾಗದಲ್ಲಿ, ಐದು ನಕ್ಷತ್ರದ ಕೆಳಗೆ, ಹಿಮದ ಬಿಳಿ ಟೋಪಿಯ ಜಪಾನೀ ಬೆಟ್ಟ ನಿಂತಿತ್ತು. ಮುಂದೆ ಅಲೆಯ ತುದಿ. ಹಳೆಯ ಚಿತ್ರ ಒಣಗಿತ್ತು, ಮೇಲೆ ಬಳಿದ ಕೆಂಪು ಹಸಿಯಾಗಿತ್ತು.

"ನಮ್ಮ ಬಾವುಟದ ಕೆಳಗೆ ಅವರ ಬೆಟ್ಟ ಬಚ್ಚಿಟ್ಟಿದಾರೆ!"

ಆ ಕೂಗು ಈಗಲೂ ಕಿವಿಯಲ್ಲಿದೆ. ಭಾವ ಕೈಯಲ್ಲಿ ಒರಸುಬಟ್ಟೆ ಹಿಡಿದು ಹೊರಗೆ ಬಂದರು. ಸಿಟ್ಟಾದ ಗಿರಾಕಿಗೆ ಹೇಳುವ ಹಾಗೆ, "ಅಯ್ಯೋ ಮುಟ್ಬೇಡಿ ಸ್ವಾಮಿ, ಹಸಿ ಇದೆ, ಎಣ್ಣೆ ಬಣ್ಣ ಒಣಗಕ್ಕೆ ಮೂರು ದಿನ ಬೇಕು" ಎಂದರು. ಅಂಥ ಹೊತ್ತಿನಲ್ಲಿ ಆಡುವ ಮಾತೇ ಅದು? ಇಟ್ಟಿಗೆ ಬಂತು, ಅವರ ಭುಜಕ್ಕೆ ಬಿತ್ತು. ಒಬ್ಬ ಕಬ್ಬಿಣದ ಸರಳು ಎತ್ತಿದ. ಧ್ವನಿವರ್ಧಕದವನು ನನ್ನ ಕೊರಳಪಟ್ಟಿ ಹಿಡಿದು, "ನಿಮ್ಮೋನಾ ಇವ್ನು?" ಎಂದ.

ನಾನು ಹೊಡೆದೆ. ನಾನೇ ಮೊದಲು ಹೊಡೆದರೆ, ರಕ್ತ ಕಂಡರೆ, ಅವರಿಗೆ ಸಾಕಾಗುತ್ತದೆ ಎನ್ನಿಸಿತು. ಅವರು ಶುರು ಮಾಡಿದ್ದರೆ ಆ ಸರಳಿನಲ್ಲಿ ಚುಚ್ಚಿ ಕೊಲ್ಲುತ್ತಿದ್ದರು. ನಾನು ಹೊಡೆದ ಮೇಲೆ ಏನು ಮಾಡಿದರು ಹೇಳು? ಆರೂ ಕ್ಯಾನ್ವಾಸಿಗೆ ಬೆಂಕಿಯಿಟ್ಟರು, ಉಗಿದರು, ಹೊರಟುಹೋದರು. ನಾನು ಹೊಡೆದದ್ದರಿಂದಲೇ ಭಾವ ಬದುಕಿದ್ದಾರೆ. ಹೊಡೆದದ್ದು ಒಂದೇ ಏಟು.

ಮೊನ್ನೆ ಕೋಣೆಯಲ್ಲಿ ಒಬ್ಬ ನನ್ನನ್ನು ದೇಶದ್ರೋಹಿಯ ಬಾಮೈದ ಎಂದ. ಅವನ ಮುಖವನ್ನು ನಲ್ಲಿಗೆ ಗುದ್ದಿದೆ. ಎರಡು ಹಲ್ಲು ಹೋಯಿತು ಅವನಿಗೆ. ನನಗೆ ಹದಿನೈದು ದಿನ ಕಾಲಿಗೆ ಸರಪಳಿ.

ಒಂದು ಮಾತು ಕೇಳಲೇ? ಹಸಿ ಬಣ್ಣದ ವಿಷಯ ಭಾವನಿಗೆ ಗೊತ್ತಿಲ್ಲದ್ದೇನಲ್ಲ. ಚಿತ್ರದ ಮೇಲೆ ಬಾವುಟ ಬಳಿಯುವ ಬುದ್ಧಿ ಯಾರದ್ದು?

ಲಾಯ್‌ಗೆನ್


ಚಿತ್ರದ ಹಳ್ಳಿ
2 ಡಿಸೆಂಬರ್ 2012

ಲಾಯ್‌ಗೆನ್,

ಯಾರ ಬುದ್ಧಿಯಾದರೆ ನಿನಗೇನು? ಬಾವುಟ ಬರೆದವರು ತಲೆ ಒಡೆದರೇ?

ಅಮ್ಮ ಬಂದಿದ್ದಾಳೆ. ಹದಿನಾಲ್ಕು ಗಂಟೆ ರೈಲಿನಲ್ಲಿ ನಿಂತುಕೊಂಡೇ ಬಂದಳು. ಕೈಯಲ್ಲಿ ಒಣಮೆಣಸಿನಕಾಯಿಯ ಚೀಲ. ಅಳಿಯನನ್ನು ಒಂದು ಗಳಿಗೆ ನೋಡಿದಳು, ಅಂಗಿಯ ತೋಳು ಬಾಯಿಗಿಟ್ಟುಕೊಳ್ಳುತ್ತಾಳೆ ಎಂದುಕೊಂಡೆ. ಇಲ್ಲ. ತಿರುಗಿ ನನ್ನ ಕೆನ್ನೆಗೆ ಬಾರಿಸಿದಳು. ಆಸ್ಪತ್ರೆಯ ಎಂಟು ಮಂಚದವರೂ ಎದ್ದು ಕೂತರು.

"ಗಂಡನ್ನ ಹಿಂಗೆ ಮಲಗಿಸ್ದೆ, ತಮ್ಮನ್ನೂ ಒಳಗೆ ಕೊಳೆಸ್ತೀಯಾ? ಬರ್ದು ಕೊಡೇ! ಒಂದು ಹಾಳೆ ಬರಿಯಕ್ಕೆ ನಿಂಗೇನು ರೋಗ?"

"ಅವ್ನೇ ಮಲಗ್ಸಿದ್ದು ಕಣಮ್ಮ, ನಾನಲ್ಲ" ಎಂದೆ.

"ಅವ್ನು ಗಂಡು, ಸಿಟ್ಟು ಬರುತ್ತೆ" ಎಂದಳು. ನಾನು ಅವಳ ತೋಳು ಹಿಡಿದು ದೂಡಿದೆ. ಎಪ್ಪತ್ತರ ಮುದುಕಿ ಹೋಗಿ ಗೋಡೆಗೆ ಬಿದ್ದಳು. ನಮ್ಮಮ್ಮನನ್ನು ನಾನು ದೂಡಿದೆ ಲಾಯ್‌ಗೆನ್. ನೀನೊಬ್ಬನೇ ಅಲ್ಲ ಕೈ ಇರುವವನು.

ನಿನ್ನ ಭಾವನನ್ನು ಮನೆಗೆ ಕರೆತಂದೆವು. ಅಂಗಡಿಯ ಒಳಗೇ ಮಂಚ ಹಾಕಿದ್ದೇನೆ. ಮೊದಲ ದಿನವೇ ಎಡಗೈಗೆ ಕುಂಚ ಕೊಡು ಎಂದು ಸನ್ನೆ ಮಾಡಿದರು. ಕೊಟ್ಟೆ. ಕಡುನೀಲಿ ಕಲಸಿ ಕೊಟ್ಟೆ. ಎಳೆದರು. ಬೇಲಿ ಹಾಕಿದ ಹಾಗೆ ಬಂತು. ಇನ್ನೊಮ್ಮೆ ಎಳೆದರು. ಆಮೇಲೆ ಕುಂಚದ ಹಿಡಿಯಿಂದ ತಮ್ಮ ಸತ್ತ ಕೈಯನ್ನು ಹೊಡೆಯಲು ಶುರು ಮಾಡಿದರು, ಮೀನು ಬಡಿದ ಹಾಗೆ. ಚರ್ಮ ಒಡೆಯಿತು. ಬಿಡಿಸಲು ಹೋದೆ, ನನ್ನ ಕೂದಲು ಹಿಡಿದು ಮಂಚದ ಕಬ್ಬಿಣಕ್ಕೆ ಕುಟ್ಟಿದರು. ಮಿನ್‌ಮಿನ್ ಮೇಜಿನ ಕೆಳಗೆ ನುಗ್ಗಿ ಕೂತಳು. ಏಳು ವರ್ಷದ ಮಗು, ಈಗ ಅಪ್ಪ ಕೆಮ್ಮಿದರೂ ಅಲ್ಲಿಗೇ ಓಡುತ್ತಾಳೆ.

ಮಾರನೆಯ ದಿನ ನಾನು ಚಾಕು ತೆಗೆದುಕೊಂಡೆ. ಗೋಡೆಗೆ ಒರಗಿಸಿದ್ದ ಇನ್ನೂರು ಕ್ಯಾನ್ವಾಸುಗಳಲ್ಲಿ ನಲವತ್ತನ್ನು ಸೀಳಿದೆ. ಅಲೆ, ಕೆಂಪು ಬೆಟ್ಟ, ಮಳೆಯಲ್ಲಿ ಸೇತುವೆ ದಾಟುವ ಜನ, ಎಲ್ಲವನ್ನೂ. ಅವರು ಮಂಚದಿಂದ ನೋಡುತ್ತಿದ್ದರು. ಅವರ ಕೈ ಬಿಡಿಸಿದ ಕೊನೆಯ ಆಕಾಶಗಳು ಅವು. ನಲವತ್ತಾದ ಮೇಲೆ ಕೈ ಸೋತಿತು, ನಿಲ್ಲಿಸಿದೆ.

ಕಾಗದ ಕೇಳಬೇಡ.

ಯಾಚಿನ್


ಬಂಧನಗೃಹ, ಕೋಣೆ 307
30 ಡಿಸೆಂಬರ್ 2012

ಅಕ್ಕಾ,

ವಿಚಾರಣೆಯ ದಿನ ಗೊತ್ತಾಯಿತು. ಫೆಬ್ರವರಿ ಇಪ್ಪತ್ತಾರು.

ಕಾಲಿಗೆ ಸರಪಳಿ ಹಾಕಿಕೊಂಡು ಹದಿನೈದು ದಿನ ಕೂತವನಿಗೆ ಬೇರೆ ಕೆಲಸವಿರಲಿಲ್ಲ. ನಿನ್ನ ಮೊದಲ ಕಾಗದವನ್ನು ಮತ್ತೆ ಮತ್ತೆ ಓದಿದೆ, ಎರಡನೆಯದು ಬಂದ ಮೇಲೆ ಎರಡನ್ನೂ ಓದಿದೆ. ಒಂದು ಸಂಗತಿ ಈಗ ಹೊಳೆದಿದೆ.

ಎರಡು ಏಟು ಎಂದೆ ನೀನು. ವಿಡಿಯೋದಲ್ಲಿ ಒಂದೂ ಕಾಣುವುದಿಲ್ಲ. ಪೊಲೀಸರಿಗೂ ಗೊತ್ತಿಲ್ಲ. ಬೀದಿಯಲ್ಲಿ ಆಗ ನೀನಿರಲಿಲ್ಲ, ಇದ್ದಿದ್ದರೆ ನಾನು ನೋಡಿರುತ್ತಿದ್ದೆ. ಹಾಗಾದರೆ ನಿನಗೆ ಹೇಗೆ ಗೊತ್ತು? ಕೇಳಿಸಿಕೊಂಡಿದ್ದೀಯ. ಒಳಗಿನಿಂದ. ಶಟರಿನ ಹಿಂದೆ ನಿಂತು.

ಇಟ್ಟಿಗೆ ಬಿದ್ದಾಗ ಭಾವ ಒಳಗೆ ಹೋಗಲು ತಿರುಗಿದರು. ಅದು ನನಗೆ ಚೆನ್ನಾಗಿ ನೆನಪಿದೆ. ಬಾಗಿಲು ಎರಡು ಹೆಜ್ಜೆ. ಶಟರು ಕೆಳಗಿತ್ತು. ಎರಡೂ ಅಂಗೈಯಿಂದ ದಬದಬ ಬಡಿದರು. ಯಾರದ್ದೋ ಹೆಸರು ಕೂಗಿದರು, ಗಲಾಟೆಯಲ್ಲಿ ಕೇಳಲಿಲ್ಲ. ಆಮೇಲೆ ನನ್ನ ಕಡೆ ತಿರುಗಿದರು. ಆಗಲೇ ನಾನು ಹೊಡೆದದ್ದು.

ಅವರು ಹೊರಗೆ ಬಂದಾಗ ಆ ಶಟರು ಮೇಲಿತ್ತು. ಯಾರು ಎಳೆದರು?

ನೀನು ಕಾಗದ ಕೊಡದಿದ್ದರೆ ನಾನು ಕಟಕಟೆಯಲ್ಲಿ ನಿಂತು ಇದನ್ನೇ ಕೇಳುತ್ತೇನೆ. ಬಾವುಟ ಬಳಿದವರು ಯಾರು ಎಂದೂ ಕೇಳುತ್ತೇನೆ. ಬಾವುಟಕ್ಕೆ ಅವಮಾನ ಮಾಡಿದರೂ ಜೈಲಿದೆ, ಗೊತ್ತು ತಾನೇ? ಬಾ, ಒಟ್ಟಿಗೇ ಎಲೆಕೋಸಿನ ನೀರು ಕುಡಿಯೋಣ. ಎರಡು ತಿಂಗಳಿಂದ ನನ್ನನ್ನು ಕೊಲೆಗಡುಕ ಎನ್ನುತ್ತಿದ್ದೀಯಲ್ಲ, ಈಗ ಹೇಳು ನೋಡೋಣ.

ಲಾಯ್‌ಗೆನ್


ಚಿತ್ರದ ಹಳ್ಳಿ
28 ಜನವರಿ 2013

ಲಾಯ್‌ಗೆನ್,

ನಿನ್ನ ಕಾಗದ ಬಂದು ಮೂರು ವಾರವಾಯಿತು. ಬರೆದೆ, ಹರಿದೆ, ಮತ್ತೆ ಬರೆದೆ. ನಡುವೆ ಕುಳಿತು ಕೈದಿಗಳ ಕಾಗದ ಓದುವ ಅಧಿಕಾರಿ ಓದಲಿ ಬಿಡು. ಬಚ್ಚಿಟ್ಟೂ ಬಚ್ಚಿಟ್ಟೂ ನನಗೆ ಸಾಕಾಗಿದೆ.

ಬಾವುಟದ ಬುದ್ಧಿ ನನ್ನದು. ಹಿಂದಿನ ದಿನ ಪಕ್ಕದ ಓಣಿಯಲ್ಲಿ ಗಾಜು ಒಡೆದಿದ್ದರು. ನಿನ್ನ ಭಾವ, "ಎಲ್ಲಾ ಒಳಗಿಟ್ಟು ಬೀಗ ಹಾಕೋಣ, ಊರಿಗೆ ಹೋಗಿ ನಾಲ್ಕು ದಿನ ಇದ್ದು ಬರೋಣ" ಎಂದರು. "ನೀವೊಬ್ಬ ಪುಕ್ಕಲ. ಬಾವುಟ ಹಾಕಿದ್ರೆ ಯಾರ್ ಮುಟ್ತಾರೆ?" ಎಂದೆ. ಅಂಗಡಿಗಳಲ್ಲಿ ಬಾವುಟವೆಲ್ಲ ಖಾಲಿ. ಹೊಸ ಕ್ಯಾನ್ವಾಸೂ ಇರಲಿಲ್ಲ. ಮೂಲೆಯಲ್ಲಿ ಬೆಟ್ಟ ಓರೆಯಾಗಿ ಬಂದು ಕೆಟ್ಟಿದ್ದ ಆರು ಚಿತ್ರ ಬಿದ್ದಿದ್ದವು. ಅವುಗಳ ಮೇಲೆ ನಾನೇ ಬಳಿದೆ. "ಒಣಗಲ್ಲ ಕಣೇ, ನಾಳೆಗೆ ಒಣಗಲ್ಲ" ಎಂದು ಅವರು ಮೂರು ಸಲ ಹೇಳಿದರು. "ದೂರದಿಂದ ನೋಡೋರಿಗೆ ಹಸಿ ಒಣ ಏನ್ ಗೊತ್ತಾಗುತ್ತೆ?" ಎಂದೆ. ಹನ್ನೊಂದು ವರ್ಷ ಎಣ್ಣೆ ಬಣ್ಣದಲ್ಲಿ ಕೈಯಾಡಿಸಿದವಳು ಆಡಿದ ಮಾತು ನೋಡು.

ಶಟರು ಎಳೆದವಳೂ ನಾನೇ.

ಇಟ್ಟಿಗೆ ಬಂದ ಸದ್ದಿಗೆ ಎಳೆದೆ. ನಿನ್ನ ಭಾವ ಹೊರಗಿದ್ದಾರೆ ಎಂದು ಗೊತ್ತಿತ್ತು. ಅವರು ಇತ್ತ ತಿರುಗಿದ್ದೂ ಕಾಣಿಸಿತು. ಸೊಂಟದವರೆಗೆ ಇಳಿದಿದ್ದಾಗ ಬಗ್ಗಿದರೆ ಒಳಗೆ ಬರಬಹುದಿತ್ತು. ನಾನು ಕೆಳಗಿನ ಅಂಚಿಗೆ ಬೆರಳು ಹಾಕಿ ಪೂರ್ತಿ ಎಳೆದು ಚಿಲಕ ಹಾಕಿದೆ. ಅವರು ಬಡಿದರು. ಕರೆದದ್ದು ನನ್ನನ್ನೇ. "ಯಾಚಿನ್, ತೆಗಿ, ನಾನು ಕಣೇ" ಎಂದರು. ತಗಡು ನನ್ನ ಹಣೆಗೆ ತಾಗುವಷ್ಟು ಹತ್ತಿರ ನಿಂತಿದ್ದೆ. ಚಿಲಕದ ಮೇಲೆ ಕೈಯಿತ್ತು. ತೆಗೆಯಲಿಲ್ಲ. ಆಮೇಲೆ ಎರಡು ಸದ್ದು. ಬಡಿಯುವುದು ನಿಂತ ಕೂಡಲೇ ಮೊದಲನೆಯದು. ಸ್ವಲ್ಪ ಹೊತ್ತಿನ ಮೇಲೆ ಎರಡನೆಯದು.

ಮಿನ್‌ಮಿನ್ ಒಳಗಿದ್ದಳು, ಅವಳಿಗಾಗಿ ಎಳೆದೆ ಎಂದು ಪೊಲೀಸರಿಗೂ ಅಮ್ಮನಿಗೂ ಹೇಳಲು ಸಿದ್ಧವಾಗಿದ್ದೆ. ಯಾರೂ ಕೇಳಲಿಲ್ಲ. ನಿನಗೆ ನಿಜ ಹೇಳುತ್ತೇನೆ. ಮಿನ್‌ಮಿನ್ ಒಳಗಿದ್ದದ್ದು ಹೌದು. ಆದರೆ ಎಳೆಯುವ ಗಳಿಗೆಯಲ್ಲಿ ನಾನು ನೋಡಿದ್ದು ಗೋಡೆಗೆ ಒರಗಿಸಿದ್ದ ಇನ್ನೂರು ಕ್ಯಾನ್ವಾಸಿನ ಕಡೆಗೆ. ಮಗು ನೆನಪಾದದ್ದು ಚಿಲಕ ಹಾಕಿದ ಮೇಲೆ. ಅವುಗಳಲ್ಲಿ ನಲವತ್ತನ್ನು ಯಾಕೆ ಸೀಳಿದೆ ಎಂದು ಈಗ ತಿಳಿಯಿತೇ?

ಅವರಿಗೆ ಇದೆಲ್ಲ ನೆನಪಿದೆಯೋ ಇಲ್ಲವೋ ತಿಳಿಯದು. ಈಗ ಒಂದೊಂದೇ ಪದ ಬರುತ್ತಿದೆ. ನೀರು, ನೋವು, ಬೇಡ. ನನ್ನ ಹೆಸರು ಹಿಡಿದು ಮಾತ್ರ ಒಮ್ಮೆಯೂ ಕರೆದಿಲ್ಲ.

ಕಟಕಟೆಯಲ್ಲಿ ಏನು ಬೇಕಾದರೂ ಕೇಳು. ನಾನು ಇಲ್ಲ ಎನ್ನುವುದಿಲ್ಲ.

ಯಾಚಿನ್


ಬಂಧನಗೃಹ, ಕೋಣೆ 307
7 ಫೆಬ್ರವರಿ 2013

ಅಕ್ಕಾ,

ನಾಡಿದ್ದು ರಾತ್ರಿಯಿಂದ ನಮ್ಮ ಹೊಸವರ್ಷದ ಹಬ್ಬ. ಇಲ್ಲಿ ಎಲ್ಲರಿಗೂ ಹಂದಿಮಾಂಸದ ಕಡುಬು ಕೊಡುತ್ತಾರಂತೆ, ತಲೆಗೆ ಆರು. ಕೋಣೆಯವರು ಅದರದ್ದೇ ಜಪ.

ನಾನು ಕಟಕಟೆಯಲ್ಲಿ ಏನೂ ಕೇಳುವುದಿಲ್ಲ. ಹೆದರಿಸಿದ್ದು ತಪ್ಪಾಯಿತು. ಈಗ ನನ್ನದನ್ನೂ ಹೇಳಿಬಿಡುತ್ತೇನೆ, ಓದುವವರು ಬೇಕಾದರೆ ನ್ಯಾಯಾಲಯಕ್ಕೇ ಕೊಡಲಿ.

ಏಟು ಎರಡು. ಮೊದಲನೆಯದು ಜನರಿಗಾಗಿ. ಅದರ ಬಗ್ಗೆ ಬರೆದದ್ದೆಲ್ಲ ನಿಜ. ಅದನ್ನು ಭುಜಕ್ಕೆ ಎಂದೇ ಬೀಸಿದ್ದೆ, ಕಿವಿಯ ಬಳಿ ಬಿತ್ತು. ಭಾವ ಮಂಡಿಯೂರಿದರು. ಜನ ಹೋ ಎಂದು ಕೂಗಿದರು. ಸರಳು ಎತ್ತಿದ್ದವನು ಅದನ್ನು ಇಳಿಸಿದ. ಅಲ್ಲಿಗೇ ಮುಗಿದಿತ್ತು ಅಕ್ಕಾ. ಅಲ್ಲಿಗೆ ನಿಲ್ಲಿಸಿದ್ದರೆ ಅವರು ಈಗ ಆಕಾಶ ಬಿಡಿಸುತ್ತಾ ಇರುತ್ತಿದ್ದರು.

ಭಾವ ತಲೆಯೆತ್ತಿ ನನ್ನನ್ನು ನೋಡಿದರು. ನಾನು ದೋಣಿಯೊಳಗಿನ ಜನಕ್ಕೆ ಮುಖ ಬರೆಯುತ್ತಿದ್ದೆನಲ್ಲ, ನೆನಪಿದೆಯೇ? ಮೂಲ ಚಿತ್ರದಲ್ಲಿ ಅವರಿಗೆ ಮುಖವಿಲ್ಲ, ಬರೀ ಬೋಳುತಲೆ. ನಾನು ಒಬ್ಬನಿಗೆ ಹೆದರಿಕೆ ಬರೆದೆ, ಒಬ್ಬನಿಗೆ ಆಕಳಿಕೆ ಬರೆದೆ, ಒಬ್ಬನಿಗೆ ನಮ್ಮ ಅಪ್ಪನ ಮೂಗು ಬರೆದೆ. ಗಿರಾಕಿಗಳ ಎದುರಿಗೇ ಭಾವ ಒರಸುಬಟ್ಟೆಯಿಂದ ಎಲ್ಲವನ್ನೂ ಉಜ್ಜಿ ಅಳಿಸಿದರು. "ನಕಲು ಮಾಡೋದು ಕಲಿ. ಮುಖ ಬರಿಯೋ ಯೋಗ್ಯತೆ ನಿಂಗಿಲ್ಲ" ಎಂದರು. ಆ ತಿಂಗಳೇ ನಾನು ಕಾರ್ಖಾನೆ ಸೇರಿದ್ದು. ಮಂಡಿಯೂರಿ ನೋಡುವಾಗ ಅವರ ಕೈಯಲ್ಲಿ ಒರಸುಬಟ್ಟೆ ಇನ್ನೂ ಇತ್ತು. ನನ್ನ ಕಣ್ಣಿಗೆ ಬೇರೇನೂ ಬೀಳಲಿಲ್ಲ. ಎರಡನೆಯ ಏಟಿಗೆ ನಾನು ಎರಡೂ ಕೈ ಹಾಕಿದೆ. ತಲೆಗೇ ಹಾಕಿದೆ. ಯಾರಿಗೂ ಹೆದರಿ ಹಾಕಿದ್ದಲ್ಲ ಅದು.

ಇಷ್ಟು ತಿಳಿದ ಮೇಲೆ ಕಾಗದ ಕೊಡಬೇಡ. ಕೊಟ್ಟರೆ ತೆಗೆದುಕೊಳ್ಳಲು ಕೈ ಚಾಚುತ್ತೇನೆ, ಅಷ್ಟು ಒಳ್ಳೆಯವನಲ್ಲ ನಾನು. ಆದರೆ ಕೊಡಬೇಡ.

ಲಾಯ್‌ಗೆನ್


ಚಿತ್ರದ ಹಳ್ಳಿ
22 ಫೆಬ್ರವರಿ 2013

ತಮ್ಮಾ,

ನಿನ್ನ ಕಾಗದವನ್ನು ನಿನ್ನ ಭಾವನಿಗೆ ಓದಿ ಹೇಳಿದೆ. ಹಬ್ಬ ಕಳೆದು ಅಮ್ಮ ಊರಿಗೆ ಹೋದ ಮೇಲೆ, ಮಿನ್‌ಮಿನ್‌ಳನ್ನು ಶಾಲೆಗೆ ಕಳಿಸಿ, ಬೆಳಿಗ್ಗೆ ಹತ್ತು ಗಂಟೆಗೆ ಶಟರು ಪೂರ್ತಿ ಮೇಲೆತ್ತಿ, ಮಂಚದ ಪಕ್ಕ ಕೂತು ಓದಿದೆ. ಒಂದು ಸಾಲನ್ನೂ ಬಿಡಲಿಲ್ಲ. ಎರಡನೆಯ ಏಟಿನ ಸಾಲು ಬಂದಾಗ ಕೈಗೆ ಸಿಕ್ಕಿದ್ದನ್ನು ಎತ್ತಿ ಹೊಡೆಯುತ್ತಾರೆ ಎಂದು ಬಟ್ಟಲನ್ನೆಲ್ಲ ಮೊದಲೇ ದೂರ ಇಟ್ಟಿದ್ದೆ. ಹೊಡೆಯಲಿಲ್ಲ.

"ಗೊತ್ತು" ಎಂದರು.

ಸ್ವಲ್ಪ ಹೊತ್ತು ಬಾಯಿ ತಿರುವಿ ತಿರುವಿ ಮುಂದಿನ ಪದವನ್ನು ಹುಡುಕಿದರು. "ಎದುರಿಗೆ ನಿಂತು ಹೊಡ್ದ" ಎಂದರು.

ವಕೀಲ ಶಿಯಾವೊ ಬರೆದು ಕೊಟ್ಟಿದ್ದ ಹಾಳೆ ನನ್ನ ಬಳಿ ಇತ್ತು. ಖ್ವಾಂಗ್ ಶೌತ್ಯೆನ್ ಆದ ನಾನು, ನನ್ನ ಹೆಂಡತಿಯ ತಮ್ಮ ಪಾನ್ ಲಾಯ್‌ಗೆನ್‌ನನ್ನು ಮನಸಾರೆ ಕ್ಷಮಿಸಿದ್ದೇನೆ, ಶಿಕ್ಷೆ ಕಡಿಮೆ ಮಾಡಬೇಕು, ಇತ್ಯಾದಿ. ಅದನ್ನೂ ಓದಿದೆ. ಕೆಂಪು ಶಾಯಿಯ ಡಬ್ಬಿ ತೆರೆದು ಅವರ ಎಡಗೈ ಹಿಡಿಯಲು ಹೋದೆ. ಅವರೇ ನನ್ನ ಮಣಿಕಟ್ಟು ಹಿಡಿದರು. ಎಲುಬು ಲಟಕ್ಕೆಂದಿತು. ಬಿಡಿಸಿಕೊಳ್ಳಲಿಲ್ಲ.

"ಎರಡು ಬರಿ" ಎಂದರು.

"ನ್ಯಾಯಾಲಯಕ್ಕೆ ಒಂದೇ ಸಾಕಂತೆ" ಎಂದೆ.

"ಒಂದು ಅವ್ನಿಗೆ." ಉಸಿರು ತೆಗೆದುಕೊಂಡರು. "ಒಂದು ನಿಂಗೆ."

ನನಗ್ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ. ಅವರೇ ಹೇಳಿದರು, ಒಂದೊಂದೇ ಪದ ಕಿತ್ತು ಕಿತ್ತು. "ಬೆರಳು. ಶಟರ್ ಕೆಳಗೆ. ನಿನ್ ಬೆರಳು ನೋಡ್ದೆ." ಐದು ತಿಂಗಳಿಂದ ಆ ಮನುಷ್ಯನಿಗೆ ಗೊತ್ತಿತ್ತು ಲಾಯ್‌ಗೆನ್. ನಾನು ಗಂಜಿ ಕುಡಿಸುವಾಗ, ಮಲ ತೆಗೆಯುವಾಗ, ಮೈ ಒರೆಸುವಾಗ, ಪ್ರತಿ ಸಲವೂ ಗೊತ್ತಿತ್ತು. ತಲೆಗೆ ಪೆಟ್ಟಾದವರ ಸಿಟ್ಟು ಎಂದು ನಾವು ಸಮಾಧಾನ ಹೇಳಿಕೊಂಡೆವು.

ಬರೆದೆ. ಇನ್ನೊಂದು ಹಾಳೆ ತೆಗೆದುಕೊಂಡು, ವಕೀಲರ ಹಾಳೆಯನ್ನೇ ನೋಡಿಕೊಂಡು, ನಿನ್ನ ಹೆಸರಿದ್ದಲ್ಲಿ ನನ್ನ ಹೆಸರು ಹಾಕಿದೆ. ಹೊಡೆದದ್ದು ಎಂದಿದ್ದಲ್ಲಿ ಬಾಗಿಲು ಹಾಕಿದ್ದು ಎಂದು ಬರೆದೆ. ನಕಲು ಮಾಡುವುದು ನನಗೆ ಹೊಸತಲ್ಲ. ಎರಡನ್ನೂ ಅವರ ಎದೆಯ ಮೇಲೆ ಅಕ್ಕಪಕ್ಕ ಇಟ್ಟೆ.

"ಒಂದಕ್ಕೇ ಒತ್ತೋದು" ಎಂದರು. "ಯಾವ್ದಕ್ಕೆ? ನೀನ್ ಹೇಳು."

ಅಳುತ್ತಾ ಕಾಲು ಹಿಡಿದೆ, ಜೀವ ಇರುವ ಕಾಲನ್ನೇ ಹಿಡಿದೆ. ಎರಡಕ್ಕೂ ಒತ್ತಿ, ನಿಮ್ಮ ದಮ್ಮಯ್ಯ ಎಂದೆ. ಅವರು ಕಾಲು ಝಾಡಿಸಿದರು, ನನ್ನ ತುಟಿ ಹಲ್ಲಿಗೆ ಸಿಕ್ಕಿ ಒಡೆಯಿತು. "ಹೇಳು" ಎಂದರು. ಅವರಿಗೆ ಸಿಟ್ಟಿರಲಿಲ್ಲ, ಅದೇ ಭಯಂಕರ. ಗೋಡೆಯ ಮುಂದೆ ನಿಂತು, ಈ ಅಲೆಗೆ ಎಷ್ಟು ನೊರೆ ಬೇಕು ಹೇಳು ಎಂದು ಕೇಳುತ್ತಿದ್ದರಲ್ಲ, ಹಾಗೆ ಕೇಳಿದರು.

ನಿನ್ನದನ್ನು ಮುಂದಕ್ಕೆ ತಳ್ಳಿದೆ.

ಅವರು ಹೆಬ್ಬೆರಳನ್ನು ಶಾಯಿಗೆ ಅದ್ದಿ, ನಿನ್ನ ಹೆಸರಿನ ಕೆಳಗೆ ನಿಧಾನವಾಗಿ, ಒಂದು ಗೆರೆಯೂ ಕಲಸಿಹೋಗದ ಹಾಗೆ ಒತ್ತಿದರು. ಆಮೇಲೆ ನನ್ನ ಹಾಳೆಯನ್ನು ಎತ್ತಿಕೊಂಡು, ಅದರಲ್ಲಿ ಹೆಬ್ಬೆರಳು ಒರೆಸಿಕೊಂಡು, ಉಂಡೆ ಮಾಡಿ ಕೆಳಗೆ ಎಸೆದರು.

ನಿನ್ನ ಕಾಗದವನ್ನು ಇವತ್ತೇ ವಕೀಲರ ಕೈಗೆ ಕೊಟ್ಟು ಬಂದೆ. ಮೂರೂವರೆ ವರ್ಷಕ್ಕೆ ಇಳಿಯಬಹುದು ಎಂದರು. ಹೊರಗೆ ಬಂದ ಮೇಲೆ ನೇರ ಊರಿಗೆ, ಅಮ್ಮನ ಹತ್ತಿರ ಹೋಗು. ಇಲ್ಲಿಗೆ ಬರಬೇಡ. ಅವರಿಗೆ ಗಂಜಿ ಕುಡಿಸುವ ಹೊತ್ತಾಯಿತು, ನಿಲ್ಲಿಸುತ್ತೇನೆ.

ನಿನ್ನ ಅಕ್ಕ
ಯಾಚಿನ್